ಮಗಳ ಕೂದಲು ಬಾಚಿದಷ್ಟೂ ಉಬ್ಬುತ್ತದೆ, ಏನು ಮಾಡಲಿ?

ಪ್ರಶ್ನೆ: ಮಗಳಿಗೆ ಈಗ 12 ವರ್ಷ. ಚಿಕ್ಕವಳಿದ್ದಾಗ ಕೂದಲು ನೇರವಾಗಿ, ನುಣ್ಣಗೆ ಇತ್ತು. ಎರಡು ವರ್ಷದಿಂದ ಒರಟಾಗಿ, ಅಂಕುಡೊಂಕಾಗಿ ಬರುತ್ತಿದೆ. ಬಾಚಿದಷ್ಟೂ ಉಬ್ಬುತ್ತದೆ. ಬೆಳಿಗ್ಗೆ ಸ್ಕೂಲಿಗೆ ಎರಡು ಜಡೆ ಹಾಕುವಷ್ಟರಲ್ಲಿ ದಿನಾ ಅಳು. ನನ್ನದೂ ನಮ್ಮೆಜಮಾನರದ್ದೂ ನೇರ ಕೂದಲು. ಎಣ್ಣೆ ಸಾಲದೆ ಹೀಗಾಗಿದೆ ಅಂತ ಅತ್ತೆ ಹೇಳ್ತಾರೆ. ಪಾರ್ಲರ್‌ನವರು ಸ್ಟ್ರೈಟನಿಂಗ್ ಮಾಡಿಸಿ ಅಂತಾರೆ. ಏನು ಮಾಡಲಿ?

ಉತ್ತರ: ನಿಮ್ಮ ಮಗಳ ಕೂದಲು ಹಾಳಾಗಿಲ್ಲ. ನೀವು ಬರೆದಿರುವುದನ್ನು ನೋಡಿದರೆ ಅದು ಗುಂಗುರು ಕೂದಲು. ನೇರ ಕೂದಲಿಗೆ ಮಾಡುವ ಆರೈಕೆಯನ್ನೇ ಅದಕ್ಕೂ ಮಾಡುತ್ತಿದ್ದೀರಿ, ತೊಂದರೆ ಇರುವುದು ಅಲ್ಲಿ. ಒಣಗಿದ ಕೂದಲನ್ನು ಬಾಚುವುದನ್ನು ಇವತ್ತೇ ನಿಲ್ಲಿಸಿ. ಉಳಿದಿದ್ದನ್ನೆಲ್ಲ ನಿಧಾನಕ್ಕೆ ಬದಲಾಯಿಸಿಕೊಳ್ಳಬಹುದು, ಇದೊಂದನ್ನು ಮಾತ್ರ ಮುಂದೂಡಬೇಡಿ.

ಕೂದಲು ಹುಟ್ಟುವುದು ಚರ್ಮದೊಳಗಿನ ಸಣ್ಣ ಕುಳಿಯಲ್ಲಿ. ಕುಳಿ ನೇರವಾಗಿದ್ದರೆ ಕೂದಲು ನೇರವಾಗಿ ಬರುತ್ತದೆ. ಕುಳಿಯೇ ಬಾಗಿದ್ದರೆ ಕೂದಲು ಒಂದು ಕಡೆಗೆ ತಿರುಗಿಕೊಂಡೇ ಹೊರಗೆ ಬರುತ್ತದೆ. ಅಡ್ಡಕ್ಕೆ ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನೇರ ಕೂದಲು ಹೆಚ್ಚುಕಡಿಮೆ ದುಂಡಗೆ ಕಾಣುತ್ತದೆ, ಗುಂಗುರು ಕೂದಲು ಚಪ್ಪಟೆಯಾಗಿ ಕಾಣುತ್ತದೆ. ಬಾಚಣಿಗೆ, ಎಣ್ಣೆ, ಶ್ಯಾಂಪೂ ಯಾವುದರಿಂದಲೂ ಆ ಕುಳಿಯ ಆಕಾರ ಬದಲಾಗುವುದಿಲ್ಲ. ಆದರೆ ಮಕ್ಕಳು ದೊಡ್ಡವರಾಗುವ ವಯಸ್ಸಿನಲ್ಲಿ ಅದು ತಾನಾಗಿಯೇ ಬದಲಾಗಬಹುದು. 10ರಿಂದ 14 ವರ್ಷದೊಳಗೆ ಎಷ್ಟೋ ಮಕ್ಕಳ ನೇರ ಕೂದಲು ಗುಂಗುರಾಗುತ್ತದೆ, ಕೆಲವರಲ್ಲಿ ಇದಕ್ಕೆ ಉಲ್ಟಾ ಆಗುವುದೂ ಉಂಟು. ಅದು ಕಾಯಿಲೆಯೂ ಅಲ್ಲ, ನಿಮ್ಮ ಆರೈಕೆಯ ಕೊರತೆಯೂ ಅಲ್ಲ.

ಅಪ್ಪ ಅಮ್ಮ ಇಬ್ಬರದೂ ನೇರ ಕೂದಲಾದರೆ ಮಗಳಿಗೆ ಹೇಗೆ ಬಂತು? ಕೂದಲಿನ ಆಕಾರವನ್ನು ತೀರ್ಮಾನಿಸುವುದು ಒಂದು ಜೀನ್ ಅಲ್ಲ, ಹಲವು. ಹಾಗಾಗಿ ಅಜ್ಜಿಯದೋ ಸೋದರತ್ತೆಯದೋ ಕೂದಲು ಮಗುವಿಗೆ ಬರಬಹುದು. ಇನ್ನೊಂದು ವಿಷಯ. ನಿಮ್ಮದು ನಿಜವಾಗಿಯೂ ನೇರ ಕೂದಲೇ? ನಮ್ಮಲ್ಲಿ ತುಂಬ ಹೆಂಗಸರು ಚಿಕ್ಕಂದಿನಿಂದ ದಿನಾ ಎಣ್ಣೆ ಹಚ್ಚಿ, ಬಾಚಿ, ಬಿಗಿಯಾಗಿ ಜಡೆ ಹಾಕಿಕೊಂಡೇ ಬಂದವರು. ಅವರ ಕೂದಲಿನ ಅಲೆ ಅವರಿಗೇ ಗೊತ್ತಿರುವುದಿಲ್ಲ. ಮುಂದಿನ ಸಲ ತಲೆಗೆ ಸ್ನಾನ ಮಾಡಿದಾಗ ಬಾಚಬೇಡಿ, ಒರೆಸಿ ಉಜ್ಜಬೇಡಿ, ಏನೂ ಹಚ್ಚದೆ ಹಾಗೇ ಒಣಗಲು ಬಿಡಿ. ಒಣಗಿದ ಮೇಲೆ ಕನ್ನಡಿಯಲ್ಲಿ ಕಾಣುವುದೇ ನಿಮ್ಮ ನಿಜವಾದ ಕೂದಲು. ಮಗಳಿಗೂ ಇದೇ ಪರೀಕ್ಷೆ ಮಾಡಿ. ಇಬ್ಬರೂ ಒಂದೇ ದಿನ ಮಾಡಿದರೆ ಇನ್ನೂ ಒಳ್ಳೆಯದು.

ನಿಮ್ಮತ್ತೆಯವರ ಮಾತಿನಲ್ಲಿ ಅರ್ಧ ನಿಜವಿದೆ. ಎಣ್ಣೆ ಸಾಲದೆ ಯಾರ ಕೂದಲೂ ಗುಂಗುರಾಗುವುದಿಲ್ಲ. ಆದರೆ ಗುಂಗುರು ಕೂದಲು ಬೇಗ ಒಣಗುತ್ತದೆ ಅನ್ನುವುದು ಸರಿ. ನೆತ್ತಿಯ ಚರ್ಮದಲ್ಲಿ ಜಿಡ್ಡು ತಾನಾಗಿಯೇ ಹುಟ್ಟುತ್ತದೆ. ನೇರ ಕೂದಲಿನಲ್ಲಿ ಅದು ಸಲೀಸಾಗಿ ತುದಿಯವರೆಗೆ ಇಳಿಯುತ್ತದೆ. ಸುರುಳಿ ಇದ್ದಲ್ಲಿ ಅಷ್ಟು ದೂರ ಹೋಗುವುದಿಲ್ಲ. ಹೀಗಾಗಿ ಬುಡ ಜಿಡ್ಡಾಗಿದ್ದರೂ ತುದಿ ಒಣಗಿಯೇ ಇರುತ್ತದೆ.

ಇನ್ನು ಬಾಚಿದರೆ ಉಬ್ಬುವುದೇಕೆ? ಗುಂಗುರು ಕೂದಲಿನಲ್ಲಿ ಹತ್ತಾರು ಎಳೆಗಳು ಸೇರಿ ಒಟ್ಟಿಗೆ ತಿರುಗಿ ಒಂದು ಸುರುಳಿಯಾಗುತ್ತವೆ. ಒಣಗಿದ ಮೇಲೆ ಬಾಚಿದರೆ ಈ ಗುಂಪು ಚದುರುತ್ತದೆ. ಪ್ರತಿ ಎಳೆಯೂ ತನ್ನ ತಿರುವನ್ನು ಬಿಡದೆ ಬೇರೆ ಬೇರೆ ದಿಕ್ಕಿಗೆ ನಿಲ್ಲುತ್ತದೆ. ಅದನ್ನೇ ನಾವು ಉಬ್ಬಿತು ಅನ್ನುತ್ತೇವೆ. ಅದನ್ನು ಕೂರಿಸಲು ಮತ್ತೆ ಬಾಚುತ್ತೇವೆ, ಮತ್ತಷ್ಟು ಚದುರುತ್ತದೆ. ಎಳೆಯ ಮೇಲಿನ ತೆಳು ಚಕ್ಕೆಗಳಿಗೂ ಪೆಟ್ಟು ಬೀಳುತ್ತದೆ. ಚಕ್ಕೆ ಎದ್ದ ಎಳೆಗಳು ಒಂದಕ್ಕೊಂದು ಸಿಕ್ಕಿಹಾಕಿಕೊಳ್ಳುತ್ತವೆ. ನಾಳೆ ಬೆಳಿಗ್ಗೆ ಇನ್ನೂ ಜಾಸ್ತಿ ಸಿಕ್ಕು, ಇನ್ನೂ ಜಾಸ್ತಿ ಅಳು.

ಗಾಳಿಯಲ್ಲಿನ ತೇವವೂ ಸೇರಿಕೊಳ್ಳುತ್ತದೆ. ಕೂದಲು ಅಂದರೆ ಕೆರಾಟಿನ್ ಎಂಬ ಪ್ರೋಟೀನು. ಅದರೊಳಗೆ ಎರಡು ಬಗೆಯ ಬಂಧಗಳು ನಮಗಿಲ್ಲಿ ಮುಖ್ಯ. ಹೈಡ್ರೋಜನ್ ಬಂಧ ನೀರು ತಗುಲಿದರೆ ಬಿಡುತ್ತದೆ, ಒಣಗಿದರೆ ಮತ್ತೆ ಕೂಡುತ್ತದೆ. ಗಂಧಕದ ಬಂಧ ಗಟ್ಟಿ, ನೀರಿಗೆ ಬಗ್ಗುವುದಿಲ್ಲ. ಇಸ್ತ್ರಿ ಮಾಡಿದ ಕಾಟನ್ ಸೀರೆ ತೇವ ತಾಗಿದರೆ ಮುದುರುವ ಹಾಗೆಯೇ, ಬಿಸಿ ಯಂತ್ರದಿಂದ ನೇರ ಮಾಡಿದ ಕೂದಲೂ ಮಳೆಗೆ ಮೊದಲಿನಂತಾಗುತ್ತದೆ. ಮಂಗಳೂರು, ಕಾರವಾರದ ಸೆಕೆಯಲ್ಲಿ, ಮಲೆನಾಡಿನ ಮಳೆಗಾಲದಲ್ಲಿ ಕೂದಲು ತೇವ ಹೀರಿ ಊದಿಕೊಳ್ಳುತ್ತದೆ. ಬಯಲುಸೀಮೆಯ ಚಳಿಗಾಲದ ಒಣಗಾಳಿಗೆ ಬಿರುಸಾಗುತ್ತದೆ. ಊರು ಬದಲಾದರೆ ಅದೇ ಕೂದಲು ಬೇರೆ ಥರ ವರ್ತಿಸುವುದು ಇದಕ್ಕೇ.

ಅಂತರ್ಜಾಲದಲ್ಲಿ ಹುಡುಕಿದರೆ 2ಬಿ, 3ಎ, 4ಸಿ ಅನ್ನುವ ಲೆಕ್ಕ ಸಿಗುತ್ತದೆ. ಟಿವಿ ನಿರೂಪಕಿ ಓಪ್ರಾ ವಿನ್‌ಫ್ರೇ ಅವರ ಕೇಶ ವಿನ್ಯಾಸಕರಾಗಿದ್ದ ಅಮೆರಿಕದ ಆಂಡ್ರೆ ವಾಕರ್ 1990ರ ದಶಕದಲ್ಲಿ ಶುರು ಮಾಡಿದ ಪದ್ಧತಿ ಇದು. 1 ಅಂದರೆ ನೇರ, 2 ಅಲೆ ಅಲೆ, 3 ಗುಂಗುರು, 4 ಬಿಗಿ ಸುರುಳಿ. ತಿಳಿದುಕೊಂಡರೆ ಒಳ್ಳೆಯದೇ, ಆದರೆ ಅದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಒಂದೇ ತಲೆಯಲ್ಲಿ ನೆತ್ತಿಯ ಮೇಲೆ ಅಲೆ, ಕುತ್ತಿಗೆಯ ಹತ್ತಿರ ಬಿಗಿ ಸುರುಳಿ ಇರುವುದು ಮಾಮೂಲು. ಈ ಸಂಖ್ಯೆ ತಿರುವನ್ನಷ್ಟೇ ಹೇಳುತ್ತದೆ. ಎಳೆ ದಪ್ಪವೋ ತೆಳುವೋ, ಕೂದಲು ದಟ್ಟವೋ ವಿರಳವೋ ಅನ್ನುವುದನ್ನು ಹೇಳುವುದಿಲ್ಲ. ಏನು ಹಚ್ಚಬೇಕು, ಎಷ್ಟು ಹಚ್ಚಬೇಕು ಅನ್ನುವುದಕ್ಕೆ ನನ್ನ ಪ್ರಕಾರ ಇವೇ ಹೆಚ್ಚು ಮುಖ್ಯ. ತೆಳು ಎಳೆಗೆ ಭಾರದ ಕ್ರೀಮು, ಎಣ್ಣೆ ಹಚ್ಚಿದರೆ ಸುರುಳಿ ಜೋತುಬೀಳುತ್ತದೆ. ದಪ್ಪ ಎಳೆಗೆ ಅದೇ ಕ್ರೀಮು ಸಾಲುವುದೇ ಇಲ್ಲ.

ಈ ಎಲ್ಲ ಬಗೆಯ ಕೂದಲೂ ನಮ್ಮ ರಾಜ್ಯದಲ್ಲೇ ಇವೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಕಡೆ ಇರುವ ಸಿದ್ದಿ ಸಮುದಾಯದವರ ಪೂರ್ವಜರು ಆಫ್ರಿಕಾದಿಂದ ಬಂದವರು. ಅವರಲ್ಲಿ ಅನೇಕರದು ಬಿಗಿ ಸುರುಳಿಯ ಕೂದಲು. ನೋಡಲು ಗಟ್ಟಿ ಅನ್ನಿಸಿದರೂ ಎಲ್ಲಕ್ಕಿಂತ ನಾಜೂಕಾದ ಕೂದಲು ಅದೇ. ಪ್ರತಿ ತಿರುವಿನಲ್ಲೂ ಮುರಿಯುವ ಸಾಧ್ಯತೆ ಇರುತ್ತದೆ, ಒಣಗುವುದೂ ಬೇಗ. ವಾರಕ್ಕೊಮ್ಮೆ ತೊಳೆದರೆ ಸಾಕಾಗುತ್ತದೆ, ಸಣ್ಣ ಹಲ್ಲಿನ ಬಾಚಣಿಗೆಯಂತೂ ಬೇಡವೇ ಬೇಡ. ಶಾಲೆಯಲ್ಲಿ ಅಂಥ ಕೂದಲಿನ ಮಕ್ಕಳನ್ನು ಆಡಿಕೊಳ್ಳುವುದನ್ನು ಕೇಳಿದಾಗ ಬಹಳ ಸಂಕಟವಾಗುತ್ತದೆ. ಶಿಕ್ಷಕರು ಅಲ್ಲೇ ತಡೆಯಬೇಕಾದ ಮಾತು ಅದು.

ಈಗ ನಿಮ್ಮ ಮಗಳ ಕೂದಲಿಗೆ ಬರೋಣ. ಶುರು ಮಾಡುವುದು ತಲೆಸ್ನಾನದಿಂದಲೇ. ವಾರಕ್ಕೆ ಒಂದೋ ಎರಡೋ ಸಲ ಸಾಕು. ಹಂಡೆಯಿಂದ ಸುಡು ಸುಡು ನೀರು ಹುಯ್ದುಕೊಳ್ಳುವ ಅಭ್ಯಾಸವಿದ್ದರೆ ಉಗುರು ಬೆಚ್ಚಗಿನ ನೀರಿಗೆ ಬನ್ನಿ. ಶ್ಯಾಂಪೂ ಹಚ್ಚಬೇಕಾದದ್ದು ನೆತ್ತಿಗೆ, ಉದ್ದ ಕೂದಲಿಗಲ್ಲ. ತೊಳೆಯುವಾಗ ಇಳಿಯುವ ನೊರೆಯೇ ಉದ್ದಕ್ಕೆ ಸಾಕು. ಮೈಸೋಪನ್ನು ತಲೆಗೆ ಹಾಕಲೇಬೇಡಿ. ಅದು ಕ್ಷಾರ, ಚಕ್ಕೆಗಳನ್ನು ಎಬ್ಬಿಸುತ್ತದೆ. ಬೋರ್‌ವೆಲ್ಲಿನ ಗಡಸು ನೀರಿಗೆ ಬಿದ್ದರೆ ಬಿಳಿ ಗಸಿಯಾಗಿ ಕೂದಲಿಗೆ ಅಂಟಿಕೊಳ್ಳುತ್ತದೆ.

ಸೀಗೆಕಾಯಿ ಹಾಕಬಹುದೇ ಅಂತ ಕೇಳುವವರು ಜಾಸ್ತಿ. ಹಾಕಬಹುದು. ಅದರಲ್ಲಿ ನೊರೆ ಬರಿಸುವ ಅಂಶ ಇದೆ, ಸೋಪಿನ ಹಾಗೆ ಕ್ಷಾರವೂ ಅಲ್ಲ. ಆದರೆ ಪುಡಿಯನ್ನು ಹಾಗೇ ತಿಕ್ಕಿದರೆ ತರಿ ಸುರುಳಿಯೊಳಗೆ ಸಿಕ್ಕಿಕೊಂಡು ಹೋಗುವುದೇ ಇಲ್ಲ, ಕೂದಲು ಇನ್ನೂ ಒಣಗುತ್ತದೆ. ನೀರಿನಲ್ಲಿ ಕುದಿಸಿ, ಬಟ್ಟೆಯಲ್ಲಿ ಸೋಸಿ, ಆ ನೀರನ್ನು ಮಾತ್ರ ಬಳಸಿ. ದಾಸವಾಳದ ಎಲೆ ಕಿವುಚಿ ತೆಗೆದ ಲೋಳೆಯನ್ನು ಸೇರಿಸಿದರೆ ಬಹಳ ಒಳ್ಳೆಯದು. ಆ ಲೋಳೆ ಎಳೆಗಳ ನಡುವಿನ ಉಜ್ಜಾಟವನ್ನು ಕಡಿಮೆ ಮಾಡುತ್ತದೆ. ಅಂಗಡಿಯ ಕಂಡಿಷನರ್ ಮಾಡುವುದೂ ಮುಖ್ಯವಾಗಿ ಅದನ್ನೇ.

ಈ ಕಂಡಿಷನರ್ ಹಂತವೇ ನಿಮ್ಮ ಬೆಳಗಿನ ಅಳುವಿಗೆ ಮದ್ದು. ಶ್ಯಾಂಪೂ ತೊಳೆದ ಮೇಲೆ ಕೂದಲಿನಿಂದ ನೀರು ಸೋರುತ್ತಿರುವಾಗಲೇ, ನೆತ್ತಿ ಬಿಟ್ಟು ಉದ್ದಕ್ಕೆಲ್ಲ ಧಾರಾಳವಾಗಿ ಕಂಡಿಷನರ್ ಹಚ್ಚಿ. ಕೂದಲನ್ನು ನಾಲ್ಕು ಭಾಗ ಮಾಡಿ. ಮೊದಲು ಬೆರಳಿನಿಂದ, ಆಮೇಲೆ ಅಗಲ ಹಲ್ಲಿನ ಬಾಚಣಿಗೆಯಿಂದ ಸಿಕ್ಕು ಬಿಡಿಸಿ. ಶುರು ಮಾಡುವುದು ತುದಿಯಿಂದ. ತುದಿ ಬಿಟ್ಟಮೇಲೆ ನಾಲ್ಕು ಬೆರಳು ಮೇಲೆ, ಅದು ಬಿಟ್ಟಮೇಲೆ ಇನ್ನೂ ಮೇಲೆ. ಬುಡದಿಂದ ಕೆಳಕ್ಕೆ ಎಳೆದರೆ ಸಿಕ್ಕೆಲ್ಲ ಒಂದೇ ಕಡೆ ಸೇರಿ ಗಂಟಾಗುತ್ತದೆ. ಬಾಚುವ ಜಾಗದ ಮೇಲ್ಗಡೆ ಕೂದಲನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಳ್ಳಿ, ನೆತ್ತಿಗೆ ಎಳೆತ ಹೋಗುವುದಿಲ್ಲ. ಇಡೀ ವಾರಕ್ಕೆ ಬಾಚಣಿಗೆ ತಾಗುವುದು ಇಲ್ಲಿ ಮಾತ್ರ. ಬಾಚುವಾಗ ಕೈಯಲ್ಲಿ ಒಂದಿಷ್ಟು ಕೂದಲು ಬಂದರೆ ಹೆದರಬೇಡಿ. ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ದಿನಾ ಬಾಚದೇ ಇದ್ದುದರಿಂದ ಅವೆಲ್ಲ ಒಟ್ಟಿಗೆ ಬರುತ್ತವೆ.

ನಿಮ್ಮ ಮನೆಗೆ ಬೋರ್‌ವೆಲ್ ಅಥವಾ ಟ್ಯಾಂಕರ್ ನೀರಾದರೆ, ಕೊನೆಯಲ್ಲಿ ಒಂದು ಚೊಂಬು ಫಿಲ್ಟರ್ ನೀರೋ ಮಳೆ ನೀರೋ ಹುಯ್ಯಿರಿ. ಗಡಸು ನೀರಿನಿಂದ ಕೂದಲು ಒರಟಾಗುವುದು ನಿಜ. ಬುಡದಿಂದಲೇ ಉದುರುತ್ತದೆ ಅನ್ನುವುದಕ್ಕೆ ಗಟ್ಟಿ ಪುರಾವೆ ಇಲ್ಲ.

ಟರ್ಕಿ ಟವೆಲ್ಲಿನಿಂದ ಉಜ್ಜಬೇಡಿ. ಹಳೇ ಕಾಟನ್ ಟೀ ಶರ್ಟೋ ತೆಳು ಪಂಚೆಯೋ ತೆಗೆದುಕೊಂಡು, ಕೂದಲನ್ನು ಕೆಳಗಿನಿಂದ ಮೇಲಕ್ಕೆ ಹಿಡಿದು ಒತ್ತಿ ನೀರು ಹೀರಿಸಿ. ತೇವ ಇರುವಾಗಲೇ ಸ್ವಲ್ಪ ಅಗಸೆ ಬೀಜದ ಜೆಲ್ ಹಚ್ಚಿ ಅಂಗೈಯಲ್ಲಿ ಹಿಸುಕಿದರೆ ಸುರುಳಿಗಳು ಗುಂಪಾಗಿ ನಿಲ್ಲುತ್ತವೆ. ಎರಡು ಚಮಚ ಅಗಸೆ ಬೀಜವನ್ನು ಒಂದೂವರೆ ಲೋಟ ನೀರಿಗೆ ಹಾಕಿ ಕೈಯಾಡಿಸುತ್ತಾ ಕುದಿಸಿ. ಲೋಳೆಯಾದ ಕೂಡಲೇ ಬಿಸಿಯಲ್ಲೇ ತೆಳು ಬಟ್ಟೆಯಲ್ಲಿ ಸೋಸಿ, ಆರಿದರೆ ಸೋಸಲು ಬರುವುದಿಲ್ಲ. ಫ್ರಿಜ್‌ನಲ್ಲಿ ಒಂದು ವಾರ ಇರುತ್ತದೆ. ಹಚ್ಚಿದ ಮೇಲೆ ಪೂರ್ತಿ ಒಣಗುವ ತನಕ ಕೈ ಹಾಕಬೇಡಿ. ಇದು ಕಷ್ಟ, ಮಕ್ಕಳಿಗಂತೂ ತುಂಬಾ ಕಷ್ಟ.

ಸ್ಕೂಲಿನ ಜಡೆ? ಬೆಳಿಗ್ಗೆ ಬಾಚಣಿಗೆ ಹಿಡಿಯಬೇಡಿ. ಸ್ಪ್ರೇ ಬಾಟಲಿಯಲ್ಲಿ ನೀರಿಗೆ ಎರಡು ಮೂರು ಹನಿ ಕಂಡಿಷನರ್ ಬೆರೆಸಿ ಚಿಮುಕಿಸಿ, ಬೆರಳಿನಿಂದಲೇ ಬೈತಲೆ ತೆಗೆದು ಸಡಿಲವಾಗಿ ಹೆಣೆಯಿರಿ. ದಿನಾ ಬಿಗಿಯಾಗಿ ಎಳೆದು ಕಟ್ಟಿದರೆ ಹಣೆಯ ಅಂಚಿನಲ್ಲಿ, ಕಿವಿಯ ಮೇಲೆ ಕೂದಲು ತೆಳುವಾಗುತ್ತಾ ಬರುತ್ತದೆ. ವರ್ಷಗಟ್ಟಲೆ ಹೀಗೇ ಎಳೆದರೆ ಅಲ್ಲಿ ಮತ್ತೆ ಹುಟ್ಟದೆಯೂ ಇರಬಹುದು. ಜಡೆ ಹಾಕಿದಾಗ ನೆತ್ತಿ ನೋಯುತ್ತದೆ ಅಂತ ಮಗು ಹೇಳಿದರೆ ಅದನ್ನು ನಂಬಿ, ಸಡಿಲ ಮಾಡಿ. ರಾತ್ರಿ ದಿಂಬಿನ ಮೇಲೆ ಹಳೇ ರೇಷ್ಮೆ ಸೀರೆಯ ಜರಿ ಇಲ್ಲದ ತುಂಡು ಹಾಸಿದರೆ ಬೆಳಗಿನ ಸಿಕ್ಕು ಕಡಿಮೆಯಾಗುತ್ತದೆ.

ಎಣ್ಣೆ ಬಿಡಬೇಕಾಗಿಲ್ಲ. ಕೊಬ್ಬರಿ ಎಣ್ಣೆ ಎಳೆಯೊಳಗೆ ಇಳಿಯುತ್ತದೆ, ತೊಳೆಯುವಾಗ ಪ್ರೋಟೀನು ಹೋಗುವುದನ್ನು ತಡೆಯುತ್ತದೆ ಎಂದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಸೂರ್ಯಕಾಂತಿ ಎಣ್ಣೆ, ಮಿನರಲ್ ಆಯಿಲ್‌ಗಳಿಗೆ ಆ ಗುಣ ಕಾಣಲಿಲ್ಲ. (ಅಧ್ಯಯನ ಮಾಡಿದವರು ಕೊಬ್ಬರಿ ಎಣ್ಣೆ ಮಾರುವ ಮ್ಯಾರಿಕೊ ಕಂಪನಿಯ ಸಂಶೋಧಕರೇ ಅನ್ನುವುದನ್ನೂ ಹೇಳಬೇಕು.) ಹಾಗಾಗಿ ಎಣ್ಣೆ ಹಚ್ಚುವ ಒಳ್ಳೆಯ ಹೊತ್ತು ತಲೆಸ್ನಾನಕ್ಕೆ ಮುಂಚೆ, ಒಂದೆರಡು ಗಂಟೆ. ತಲೆಹೊಟ್ಟು ಇದ್ದರೆ ಮಾತ್ರ ನೆತ್ತಿಗೆ ಎಣ್ಣೆ ಬೇಡ. ಹೊಟ್ಟಿಗೆ ಕಾರಣವಾದ ಯೀಸ್ಟ್‌ಗೆ ಜಿಡ್ಡೇ ಆಹಾರ.

ಅಕ್ಕ ತಂಗಿಯರಲ್ಲಿ ಯಾರದಾದರೂ ನೇರ ಕೂದಲಿದ್ದರೆ ಇದೇ ಕ್ರಮ ಹೇರಬೇಡಿ. ನೇರ ಕೂದಲು ಬೇಗ ಜಿಡ್ಡಾಗುತ್ತದೆ, ಹೆಚ್ಚು ಸಲ ತೊಳೆಯಬೇಕು, ಕಂಡಿಷನರ್ ತುದಿಗಷ್ಟೇ ಸಾಕು.

ಇನ್ನು ಪಾರ್ಲರ್‌ನವರ ಸಲಹೆ. 12 ವರ್ಷದ ಮಗುವಿಗೆ ಬೇಡ ಎಂದು ಖಡಾಖಂಡಿತವಾಗಿ ಹೇಳುತ್ತೇನೆ. ಸ್ಟ್ರೈಟನಿಂಗ್‌ನ ಒಂದು ಬಗೆಯಾದ ರೀಬಾಂಡಿಂಗ್‌ನಲ್ಲಿ ಆ ಗಟ್ಟಿಯಾದ ಗಂಧಕದ ಬಂಧಗಳನ್ನೇ ರಾಸಾಯನಿಕದಿಂದ ಒಡೆದು, ಕೂದಲನ್ನು ಬಿಸಿಯಿಂದ ನೇರ ಮಾಡಿ, ಮತ್ತೆ ಜೋಡಿಸುತ್ತಾರೆ. ಎಲ್ಲ ಬಂಧಗಳೂ ಮತ್ತೆ ಕೂಡುವುದಿಲ್ಲ, ಕೂದಲು ದುರ್ಬಲವಾಗುತ್ತದೆ. ಬುಡದಿಂದ ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರಿನಂತೆ ಗುಂಗುರು ಕೂದಲೇ ಬರುತ್ತಿರುತ್ತದೆ. ಆಗ ಮೇಲೆ ಗುಂಗುರು, ಕೆಳಗೆ ನೇರ. ಎರಡೂ ಸೇರುವ ಜಾಗದಲ್ಲಿ ಕೂದಲು ಮುರಿಯುತ್ತದೆ. ಕೆರಾಟಿನ್ ಟ್ರೀಟ್‌ಮೆಂಟ್ ಅನ್ನುವ ಹೆಸರು ಕೇಳಿ ಅದು ಪೋಷಣೆ ಅಂದುಕೊಳ್ಳಬೇಡಿ. ಅಂಥ ಹಲವು ದ್ರಾವಣಗಳು ಬಿಸಿಗೆ ಫಾರ್ಮಾಲ್ಡಿಹೈಡ್ ಅನಿಲ ಬಿಡುತ್ತವೆ. ಅದು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲಿದೆ. ಫಾರ್ಮಾಲ್ಡಿಹೈಡ್ ಇಲ್ಲ ಅಂತ ಮಾರುವ ಕೆಲವು ಕ್ರೀಮುಗಳಲ್ಲಿ ಗ್ಲೈಆಕ್ಸಿಲಿಕ್ ಆಮ್ಲ ಇರುತ್ತದೆ. 2024ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಫ್ರಾನ್ಸಿನ ವೈದ್ಯರು ಒಂದು ಪ್ರಕರಣ ಬರೆದರು. 26 ವರ್ಷದ ಮಹಿಳೆಯೊಬ್ಬರು 2020, 2021, 2022ರಲ್ಲಿ ಒಂದೊಂದು ಸಲ ಅಂಥ ಕ್ರೀಮಿನಿಂದ ಸ್ಟ್ರೈಟನಿಂಗ್ ಮಾಡಿಸಿದ್ದರು. ಮೂರೂ ಸಲ ಕಿಡ್ನಿಗೆ ಪೆಟ್ಟಾಯಿತು. ನಿಮ್ಮ ಮಗಳು ದೊಡ್ಡವಳಾದ ಮೇಲೆ ಎಲ್ಲ ತಿಳಿದುಕೊಂಡು ಅವಳೇ ತೀರ್ಮಾನ ಮಾಡಲಿ.

ಚರ್ಮದ ಡಾಕ್ಟರಿಗೆ ತೋರಿಸಬೇಕಾದ ಸಂದರ್ಭಗಳೂ ಇವೆ. ನಾಣ್ಯದಗಲ ದುಂಡಗೆ ಕೂದಲು ಹೋಗಿದ್ದರೆ, ನೆತ್ತಿಯಲ್ಲಿ ಕೀವುಗುಳ್ಳೆಯೋ ಬಿಡದ ತುರಿಕೆಯೋ ಇದ್ದರೆ ಕಾಯಬೇಡಿ. ಡೆಂಗಿ, ಟೈಫಾಯ್ಡ್‌ನಂಥ ಜ್ವರ ಬಂದು ಎರಡು ಮೂರು ತಿಂಗಳಿಗೆ ಕೂದಲು ಗೊಂಚಲು ಗೊಂಚಲಾಗಿ ಉದುರುವುದುಂಟು. ಅದು ಸಾಮಾನ್ಯವಾಗಿ ತಾನಾಗಿಯೇ ಸರಿಹೋಗುತ್ತದೆ. ಸುಸ್ತೂ ಇದ್ದರೆ ರಕ್ತದಲ್ಲಿ ಕಬ್ಬಿಣದ ಅಂಶ ಪರೀಕ್ಷೆ ಮಾಡಿಸಿ. ತುರಿಕೆ ಹೇನಿನದಾಗಿದ್ದರೆ, ಕಂಡಿಷನರ್ ಹಚ್ಚಿದ ಒದ್ದೆ ಕೂದಲಿನಲ್ಲೇ ಹೇನಿನ ಬಾಚಣಿಗೆ ಹಾಕಿ, ಅದೂ ಸಿಕ್ಕೆಲ್ಲ ಬಿಡಿಸಿದ ಮೇಲೆ.