ಪ್ರಮಾಣಪತ್ರ ಬಂದ ಮಾತ್ರಕ್ಕೆ ಪರವಾನಗಿ ಬಂದಂತಲ್ಲ: ಪ್ಲಂಬರ್ ಆಗಬಯಸುವವರಿಗೆ

ಐಟಿಐ ಮುಗಿಸಿದ ಹುಡುಗರು ನನ್ನಲ್ಲಿ ಹೆಚ್ಚಾಗಿ ಕೇಳುವ ಪ್ರಶ್ನೆ ಇದು: ‘ಸಾರ್, ಸರ್ಟಿಫಿಕೇಟ್ ಕೈಗೆ ಬಂತು, ಇನ್ನು ಲೈಸೆನ್ಸ್ ಸಿಕ್ಕ ಹಾಗೇ ಅಲ್ವಾ?’ ಹಾಗಲ್ಲ. ಪ್ರಮಾಣಪತ್ರವು ನೀವು ಕೆಲಸ ಕಲಿತಿದ್ದೀರಿ ಎಂಬುದಕ್ಕೆ ಸಾಕ್ಷಿ. ಊರಿನ ನೀರಿನ ಜಾಲಕ್ಕೆ ಕೈಹಾಕಲು ಸ್ಥಳೀಯ ಸಂಸ್ಥೆ ಕೊಡುವ ಅನುಮತಿಯೇ ಪರವಾನಗಿ. ಅಲ್ಲಿ ತಪ್ಪಾದರೆ ಉತ್ತರ ಹೇಳುವ ಹೊಣೆಯೂ ಅದರೊಂದಿಗೇ ಬರುತ್ತದೆ.

ಕಲಿಕೆಯ ದಾರಿ ದೊಡ್ಡದೇನಲ್ಲ. ಎಂಟನೇ ತರಗತಿ ಪಾಸಾದವರು ಐಟಿಐಯಲ್ಲಿ ಪ್ಲಂಬರ್ ಟ್ರೇಡ್ ಸೇರಬಹುದು. ಅವಧಿ 1 ವರ್ಷ, ಕೊನೆಗೆ ಅಖಿಲ ಭಾರತ ಟ್ರೇಡ್ ಪರೀಕ್ಷೆ, ಪಾಸಾದವರಿಗೆ ರಾಷ್ಟ್ರೀಯ ಟ್ರೇಡ್ ಪ್ರಮಾಣಪತ್ರ. ಅಷ್ಟಕ್ಕೇ ನಿಲ್ಲದೆ, 1961ರ ಅಪ್ರೆಂಟಿಸ್ ಕಾಯ್ದೆಯಡಿ ಯಾವುದಾದರೂ ಸಂಸ್ಥೆಯಲ್ಲಿ ತರಬೇತಿ ಪಡೆಯಿರಿ ಎಂದು ನಾನು ಒತ್ತಾಯಿಸುತ್ತೇನೆ. ಕಾರ್ಯಾಗಾರದಲ್ಲಿ ಪೈಪು ಸೊಂಟದ ಎತ್ತರಕ್ಕೆ ವೈಸ್ ಎಂಬ ಬಿಗಿ ಹಿಡಿಕೆಯಲ್ಲಿ ಕುಳಿತಿರುತ್ತದೆ. ಸೈಟಿನಲ್ಲಾದರೋ ಪೈಪುಗಳು ಹಾಯುವ ಕತ್ತಲೆಯ ಕಿಂಡಿಯಾದ ಡಕ್ಟ್‌ನೊಳಗೆ, ರೆಂಚ್ ತಿರುಗಿಸಲೂ ಜಾಗವಿಲ್ಲದ ಮೂಲೆಯಲ್ಲಿ ಅದೇ ಜಾಯಿಂಟ್ ಕೂರಿಸಬೇಕಾಗುತ್ತದೆ.

ಶಾಲೆ ಬಿಟ್ಟು, ಮೇಸ್ತ್ರಿಯ ಹಿಂದೆ ಓಡಾಡಿ ಕಲಿತವರ ಕೌಶಲವನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ವ್ಯವಸ್ಥೆಯೂ ಇದೆ. ಅಂಥ ಪರೀಕ್ಷೆಯೊಂದಕ್ಕೆ ಬಂದಿದ್ದ, ನಲವತ್ತು ದಾಟಿದ ಒಬ್ಬರು ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿಗೆ ಥ್ರೆಡ್ ಕೊಯ್ದು, ಸೆಣಬಿನ ಎಳೆ ಸುತ್ತಿ, ಎಲ್ಬೋ ಬಿಗಿದ ರೀತಿಯನ್ನು ನಾನು ಕಣ್ಣೆವೆಯಿಕ್ಕದೆ ನೋಡಿದೆ. ಬಳಿಕ ಕೇಳಿದೆ: ‘ವೆಂಟ್ ಪೈಪ್ ಯಾಕೆ ಹಾಕ್ತೀರಿ ಅಣ್ಣಾ?’ ‘ಗಾಳಿಗೆ ಸಾರ್.’ ‘ಗಾಳಿ ಹೊರಗೆ ಹೋಗೋಕೋ, ಒಳಗೆ ಬರೋಕೋ?’ ಅವರು ಸುಮ್ಮನಾದರು.

ಉತ್ತರ ಎರಡೂ ಹೌದು: ಚರಂಡಿಯ ಗಾಳಿ ಹೊರಗೆ ಹೋಗಲೂ ಬೇಕು, ಹೊರಗಿನ ಗಾಳಿ ಒಳಗೆ ಬರಲೂ ಬೇಕು. ಬಚ್ಚಲಿನ ನೆಲದ ನೀರು ಹರಿದುಹೋಗುವ ನಹಾನಿ ಟ್ರ್ಯಾಪ್‌ನಲ್ಲಿ ಸುಮಾರು 50 ಮಿ.ಮೀ. ನೀರು ಸದಾ ನಿಂತಿರಬೇಕು; ಚರಂಡಿಯ ದುರ್ವಾಸನೆ ಮನೆಯೊಳಕ್ಕೆ ಬಾರದಂತೆ ತಡೆಯುವುದು ಅಷ್ಟೇ ನೀರು. ಮೇಲಿನ ಮಹಡಿಯಲ್ಲಿ ಫ್ಲಶ್ ಮಾಡಿದಾಗ ಪೈಪಿನಲ್ಲಿ ಧುಮುಕುವ ನೀರು ತನ್ನ ಹಿಂದೆ ಗಾಳಿಯನ್ನು ಎಳೆಯುತ್ತದೆ. ಆ ಗಾಳಿ ತಾರಸಿಯ ಮೇಲೆ ಬಾಯ್ದೆರೆದ ವೆಂಟ್ ಪೈಪಿನಿಂದ ಬಾರದಿದ್ದರೆ, ಕೆಳಮನೆಯ ಟ್ರ್ಯಾಪ್‌ನ ನೀರೇ ಗುಳುಗುಳು ಸದ್ದಿನೊಂದಿಗೆ ಎಳೆದುಹೋಗುತ್ತದೆ. ಮನೆಯವರು ತಿಂಗಳುಗಟ್ಟಲೆ ಫಿನಾಯಿಲ್ ಸುರಿಯುತ್ತಾರೆ, ವಾಸನೆ ಹೋಗುವುದಿಲ್ಲ. ಕೈಗೆ ಅಭ್ಯಾಸವಾದ ಕೆಲಸದ ಕಾರಣವನ್ನು ತಿಳಿಸಿಕೊಡಬೇಕಾದದ್ದು ತರಬೇತಿ, ಮತ್ತು ನಮ್ಮಲ್ಲಿ ತೀರ ಕಡಿಮೆಯಾಗಿರುವುದೂ ಅದೇ.

ಇನ್ನು ಪರವಾನಗಿ. ದೇಶಕ್ಕೆಲ್ಲ ಒಂದೇ ಪ್ಲಂಬಿಂಗ್ ಪರವಾನಗಿ ನಮ್ಮಲ್ಲಿಲ್ಲ. ಬೆಂಗಳೂರಿನಲ್ಲಿ ಅದನ್ನು ಕೊಡುವುದು ಜಲಮಂಡಳಿ. ಬೇರೆ ನಗರಗಳಲ್ಲಿ ಆಯಾ ಸ್ಥಳೀಯ ಸಂಸ್ಥೆಯಲ್ಲಿ ವಿಚಾರಿಸಬೇಕು. ಮನೆಯೊಳಗಿನ ನಲ್ಲಿ ಬದಲಿಸಲು ಯಾರೂ ಪರವಾನಗಿ ಕೇಳುವುದಿಲ್ಲ. ಬೀದಿಯ ಕೊಳವೆಯಿಂದ ಹೊಸ ಸಂಪರ್ಕ ಎಳೆಯುವಾಗ ಅದು ಬೇಕು. ಕಾರಣ ಸ್ಪಷ್ಟ. ನಮ್ಮ ಊರುಗಳಲ್ಲಿ ನೀರು ದಿನವಿಡೀ ಬರುವುದಿಲ್ಲ. ನೀರು ನಿಂತ ಹೊತ್ತಿನಲ್ಲಿ ಕೊಳವೆಯ ಒತ್ತಡ ಇಳಿದುಹೋಗಿ, ಸಡಿಲವಾದ ಒಂದು ಜಾಯಿಂಟ್ ಸುತ್ತಲಿನ ಕೊಳಚೆಯನ್ನು ಒಳಕ್ಕೆಳೆದುಕೊಂಡರೆ, ಮರುದಿನ ಅದು ಬೀದಿಯ ಎಷ್ಟೋ ಮನೆಗಳ ಸಂಪಿಗೆ ಇಳಿಯುತ್ತದೆ.

ಹೀಗಿರುವಾಗ ಪರವಾನಗಿಯುಳ್ಳವರು ಕಾಗದಕ್ಕೆ ಸಹಿ ಹಾಕಿ, ಕೆಲಸವನ್ನು ಇನ್ಯಾರೋ ಮಾಡುವ ರೂಢಿ ನನ್ನನ್ನು ಬಹಳ ನೋಯಿಸುತ್ತದೆ. ಒಮ್ಮೆ ಒಂದು ಬಡಾವಣೆಯಲ್ಲಿ ನೀರು ವಾಸನೆ ಬರುತ್ತಿದೆಯೆಂದು ಅಗೆಸಿದಾಗ, ಕುಡಿಯುವ ನೀರಿನ ಪೈಪು ನೇರವಾಗಿ ಒಳಚರಂಡಿಯ ಚೇಂಬರಿನೊಳಗಿಂದಲೇ ಹಾದುಹೋಗಿತ್ತು. ಸಹಿ ಮಾಡಿದ್ದವರು ಆ ಜಾಗವನ್ನು ನೋಡಿಯೇ ಇರಲಿಲ್ಲ.

ಆದ್ದರಿಂದ ಹೊಸಬರಲ್ಲಿ ನನ್ನದೊಂದು ವಿನಂತಿ. ಪ್ಲಾಸ್ಟಿಕ್ ಪೈಪು ಅಂಟಿಸುವ ಸಾಲ್ವೆಂಟ್ ಹಚ್ಚಿದ ಜಾಯಿಂಟ್ ಒಣಗಲು, ತಯಾರಕರು ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಬಿಡಿ. ಮಾಲೀಕರು ಅವಸರಪಡಿಸಿದರೂ ನೀರು ತುಂಬಬೇಡಿ. ಬಳಿಕ ನೀರು ತುಂಬಿ, ಒತ್ತಡ ಅಳೆಯುವ ಗೇಜ್ ಕೂರಿಸಿ, ಒತ್ತಡ ಕೊಟ್ಟು ಅದರ ಮುಳ್ಳನ್ನು ಗಮನಿಸಿ. ಅದು ಅಲುಗಾಡದೆ ನಿಂತ ಮೇಲಷ್ಟೇ ಗಾರೆಯವರಿಗೆ ಗೋಡೆ ಮುಚ್ಚಲು ಹೇಳಿ, ಕಾಗದಕ್ಕೆ ಸಹಿ ಹಾಕಿ.