ಎಐ ಕಣ್ಣಿಂದ ಚಿತ್ರ ಕಾಪಾಡುವುದು: ಯಾವ ಉಪಾಯ ಯಾವ ಹಂತಕ್ಕೆ?

ನಾವು ಬರೆದ ಚಿತ್ರಗಳನ್ನು ಕೇಳದೇ ಎಐ ತರಬೇತಿಗೆ ಬಳಸದಂತೆ ಕಾಪಾಡುವುದು ಹೇಗೆ ಎಂದು ಓದಲು ಕೂತರೆ ಗ್ಲೇಜ್, ನೈಟ್‌ಶೇಡ್ (ಎರಡೂ ಚಿತ್ರವನ್ನು ತಿದ್ದಿ ಎಐಯ ದಾರಿ ತಪ್ಪಿಸುವ ಸಾಫ್ಟ್‌ವೇರ್), ರೋಬೋಟ್ಸ್ ಫೈಲ್, ವಾಟರ್‌ಮಾರ್ಕ್, ಟೇಕ್‌ಡೌನ್ ನೋಟಿಸ್ ಎಲ್ಲ ಒಟ್ಟಿಗೆ ಎದುರಾಗುತ್ತವೆ. ಎಲ್ಲವೂ ಒಂದೇ ಕೆಲಸ ಮಾಡುತ್ತವೆ ಅನ್ನಿಸುತ್ತದೆ. ಹಾಗಲ್ಲ. ಪ್ರತಿಯೊಂದಕ್ಕೂ ಒಂದು ಪ್ರಶ್ನೆ ಕೇಳಿ: ಇದು ಅಡ್ಡ ಬರುವುದು ಯಾವಾಗ? ಚಿತ್ರವನ್ನು ಎತ್ತಿಕೊಂಡು ಹೋಗುವಾಗಲಾ, ಎಐ ಮಾಡೆಲ್ ಅದರಿಂದ ಕಲಿಯುವಾಗಲಾ, ಚಿತ್ರ ಬೇರೆಲ್ಲೋ ಕಾಣಿಸಿಕೊಂಡ ಮೇಲಾ? ಇಷ್ಟು ಕೇಳಿದರೆ ಅರ್ಧ ಗೊಂದಲ ಹೋಗುತ್ತದೆ.

ಕಾಪಿರೈಟ್ ಬಗ್ಗೆ ಒಂದೇ ಮಾತು. ಬರ್ನ್ ಎಂಬ ಅಂತರರಾಷ್ಟ್ರೀಯ ಕಾಪಿರೈಟ್ ಒಪ್ಪಂದಕ್ಕೆ ಸೇರಿದ ದೇಶಗಳಲ್ಲಿ ನೋಂದಣಿ ಮಾಡಿಸದಿದ್ದರೂ ಚಿತ್ರದ ಹಕ್ಕು ಬರೆದವರದ್ದೇ. ಆದರೆ ಆ ಹಕ್ಕು ನೀವು ಬರೆದ ಚಿತ್ರಕ್ಕೆ ಮಾತ್ರ, ನಿಮ್ಮ ಶೈಲಿಗಲ್ಲ. ಗ್ಲೇಜ್ ತುಂಬಲು ಹೊರಟಿರುವುದು ಈ ಜಾಗವನ್ನೇ.

ಎತ್ತಿಕೊಂಡು ಹೋಗುವಾಗ

ರೋಬೋಟ್ಸ್ ಫೈಲ್ ಅಂದರೆ ವೆಬ್ ಜಾಲಾಡುವ ಪ್ರೋಗ್ರಾಂಗಳಿಗೆ (ಬಾಟ್‌ಗಳಿಗೆ) ಸೈಟಿನಲ್ಲಿ ಇಡುವ ಸೂಚನೆ. ಇದು 1994ರಿಂದ ಬಳಕೆಯಲ್ಲಿದೆ. ಅದರಲ್ಲಿ ಜಿಪಿಟಿಬಾಟ್, ಸಿಸಿಬಾಟ್ ಮುಂತಾದ ಬಾಟ್‌ಗಳ ಹೆಸರು ಬರೆದು 'ಒಳಗೆ ಬರಬೇಡಿ' ಎನ್ನಬಹುದು. ಆದರೆ ಇದು ಕೋರಿಕೆ ಅಷ್ಟೇ, ಬೀಗವಲ್ಲ. ಪಾಲಿಸದ ಬಾಟ್ ಸುಮ್ನೆ ಒಳಗೆ ನುಗ್ಗುತ್ತದೆ. ಜೊತೆಗೆ ಈ ಫೈಲ್ ಸೈಟಿನ ಮಾಲೀಕರ ಕೈಯಲ್ಲಿರುತ್ತದೆ. ನಿಮ್ಮ ಚಿತ್ರ ಬೇರೆಯವರ ವೇದಿಕೆಯಲ್ಲಿದ್ದರೆ ಅವರು ಕೊಟ್ಟ ಸೆಟ್ಟಿಂಗ್ಸ್ ಅಷ್ಟೇ ಗತಿ. ಆದರೆ ಐರೋಪ್ಯ ಒಕ್ಕೂಟದಲ್ಲಿ ಇಂಥ ನಿರಾಕರಣೆಗೆ ಕಾನೂನಿನ ಆಸರೆ ಇದೆ: ಯಂತ್ರ ಓದಬಲ್ಲ ರೀತಿಯಲ್ಲಿ ಹಕ್ಕು ಕಾಯ್ದಿರಿಸಲು 2019ರ ಕಾಪಿರೈಟ್ ನಿರ್ದೇಶನದ 4ನೇ ವಿಧಿ ಅವಕಾಶ ಕೊಡುತ್ತದೆ.

ಇನ್ನೊಂದು ವಿಷಯ. ಎಐ ತರಬೇತಿಗೆ ಬಳಕೆಯಾದ 2022ರ ಲಯಾನ್-5ಬಿ ಸಂಗ್ರಹದಲ್ಲಿ ಸುಮಾರು 585 ಕೋಟಿ ಚಿತ್ರಗಳ ಲಿಂಕ್ ಮತ್ತು ವಿವರಣೆ ಇದ್ದವು, ಚಿತ್ರಗಳಿರಲಿಲ್ಲ. ಚಿತ್ರಗಳನ್ನು ಇಳಿಸಿಕೊಳ್ಳುವುದು ಮಾಡೆಲ್‌ಗೆ ತರಬೇತಿ ಕೊಡುವವರು. ಹಾಗಾಗಿ ಇಂದು ನಿಮ್ಮ ಲಿಂಕ್ ತೆಗೆಸಿದರೂ, ಆಗಲೇ ಕಲಿತ ಮಾಡೆಲ್‌ನಿಂದ ಏನೂ ಹೊರಗೆ ಬರುವುದಿಲ್ಲ. ಇದಕ್ಕೇ ನಾನು ಅಪ್‌ಲೋಡ್‌ಗೆ ಮುಂಚಿನ ಕೆಲಸಕ್ಕೆ ಜಾಸ್ತಿ ಬೆಲೆ ಕೊಡುತ್ತೇನೆ.

ಕಲಿಯುವಾಗ: ಗ್ಲೇಜ್

ನನಗೆ ತುಂಬಾ ಹೊತ್ತು ಹಿಡಿಸಿದ್ದು ಇದೇ. ಚಿತ್ರ ಕಣ್ಣಿಗೆ ಹಾಗೇ ಇದೆ, ಮಾಡೆಲ್‌ಗೆ ಮಾತ್ರ ಬೇರೆ ಶೈಲಿ ಕಾಣುತ್ತದೆ. ಹೇಗೆ?

ಮಾಡೆಲ್ ಚಿತ್ರವನ್ನು ನಮ್ಮ ಹಾಗೆ ನೋಡುವುದಿಲ್ಲ. ಅದನ್ನು ಸಂಖ್ಯೆಗಳ ಒಂದು ಪಟ್ಟಿಯಾಗಿ ಬದಲಿಸಿಕೊಳ್ಳುತ್ತದೆ. ಈ ಪಟ್ಟಿಯನ್ನು ಫೀಚರ್ ಅನ್ನೋಣ. ಕಣ್ಣಿಗೆ ಒಂದೇ ಥರ ಕಾಣುವ ಎರಡು ಚಿತ್ರಗಳ ಫೀಚರ್ ತೀರಾ ದೂರ ಇರಬಹುದು. ನೀವು ಇದ್ದಿಲಿನಲ್ಲಿ ಒಂದು ಮುಖ ಬರೆದಿದ್ದೀರಿ ಅಂದುಕೊಳ್ಳಿ. ಗ್ಲೇಜ್ ಮೊದಲು ನಿಮ್ಮದಕ್ಕಿಂತ ತೀರಾ ಬೇರೆಯಾದ ಒಂದು ಶೈಲಿ ಆರಿಸುತ್ತದೆ. ಅದೇ ಮುಖವನ್ನು ಆ ಶೈಲಿಯಲ್ಲಿ ತಯಾರಿಸಿ ಪಕ್ಕಕ್ಕಿಟ್ಟುಕೊಳ್ಳುತ್ತದೆ. ಆಮೇಲೆ ನಿಮ್ಮ ಮೂಲ ಚಿತ್ರದ ಪಿಕ್ಸೆಲ್‌ಗಳನ್ನು ಚೂರುಚೂರೇ ತಿದ್ದುತ್ತದೆ. ನಿಯಮ ಎರಡು: ಫೀಚರ್ ಆ ಪಕ್ಕದ ಚಿತ್ರದ ಹತ್ತಿರ ಹೋಗಬೇಕು, ಕಣ್ಣಿಗೆ ಕಾಣುವ ಬದಲಾವಣೆ ಒಂದು ಮಿತಿ ದಾಟಬಾರದು.

ಇಷ್ಟು ಸಣ್ಣ ತಿದ್ದುಪಡಿ ಸಾಕಾಗುತ್ತದಾ? ಇಲ್ಲಿ ಲೆಕ್ಕ ಹಾಕಿ. 1000 x 1000 ಚಿತ್ರದಲ್ಲಿ 10 ಲಕ್ಷ ಪಿಕ್ಸೆಲ್, ಪ್ರತಿಯೊಂದಕ್ಕೂ ಮೂರು ಬಣ್ಣದ ಬೆಲೆ. ಅಲ್ಲಿಗೆ 30 ಲಕ್ಷ ಸಂಖ್ಯೆ. ಒಂದೊಂದು ಅಲುಗುವುದು ಕೂದಲೆಳೆಯಷ್ಟೇ, ಆದರೆ ಎಲ್ಲವೂ ಒಂದೇ ಗುರಿಯ ಕಡೆಗೆ. ಮಾಡೆಲ್ ಅವನ್ನೆಲ್ಲ ಒಟ್ಟು ಸೇರಿಸಿದಾಗ ಅಂತರ ದೊಡ್ಡದಾಗುತ್ತದೆ. ಇಷ್ಟೇ ಪ್ರಮಾಣದ ಗೊತ್ತುಗುರಿಯಿಲ್ಲದ ಚುಕ್ಕಿಗಳನ್ನು ಉದುರಿಸಿದರೆ ಅವು ಒಂದನ್ನೊಂದು ಹೊಡೆದುಹಾಕಿ, ಹೆಚ್ಚುಕಮ್ಮಿ ಏನೂ ಆಗುವುದಿಲ್ಲ. ಬಲ ಇರುವುದು ತಿದ್ದುಪಡಿಯ ಗಾತ್ರದಲ್ಲಲ್ಲ, ದಿಕ್ಕಿನಲ್ಲಿ. ಇದು ಹೊಳೆದ ಮೇಲೆ ಉಳಿದದ್ದೆಲ್ಲ ಸಲೀಸು.

ಶಿಕಾಗೊ ವಿಶ್ವವಿದ್ಯಾಲಯದ ತಂಡ ಗ್ಲೇಜನ್ನು 2023ರಲ್ಲಿ, ನೈಟ್‌ಶೇಡನ್ನು 2024ರಲ್ಲಿ ಬಿಡುಗಡೆ ಮಾಡಿತು. ತಂತ್ರ ಒಂದೇ ಜಾತಿಯದು, ಉದ್ದೇಶ ಬೇರೆ. ಗ್ಲೇಜ್ ನಿಮ್ಮ ಶೈಲಿಯನ್ನು ಮರೆಮಾಡುತ್ತದೆ. ನೈಟ್‌ಶೇಡ್ ವಸ್ತುವನ್ನೇ ತಿರುಚುತ್ತದೆ: 'ಹಸು' ಎಂಬ ವಿವರಣೆಯಿರುವ ಚಿತ್ರ ಮಾಡೆಲ್‌ಗೆ ಚರ್ಮದ ಚೀಲದಂತೆ ಕಾಣಬಹುದು. ಅನುಮತಿಯಿಲ್ಲದೆ ಎತ್ತಿಕೊಳ್ಳುವುದು ದುಬಾರಿಯಾಗಲಿ ಎಂಬುದು ಅದರ ಲೆಕ್ಕಾಚಾರ.

ಮಿತಿಗಳಿವೆ. ಸಮತಟ್ಟಾದ ಬಣ್ಣದ ಚಿತ್ರದಲ್ಲಿ ಕಲೆಗಳು ಕಣ್ಣಿಗೆ ಬೀಳುತ್ತವೆ. ಈ ತಿದ್ದುಪಡಿಯನ್ನು ಪತ್ತೆಹಚ್ಚಿ ಅಳಿಸುವ ಲೈಟ್‌ಶೆಡ್ ಎಂಬ ವಿಧಾನವನ್ನು ಸಂಶೋಧಕರು 2025ರಲ್ಲಿ ತೋರಿಸಿದರು. ಆದರೂ ಬಳಸಿ ಅಂತಲೇ ಹೇಳುತ್ತೇನೆ. ಅಳಿಸಲು ಹೆಚ್ಚುವರಿ ಕೆಲಸವಂತೂ ಬೇಕಲ್ವಾ?

ಕಾಣಿಸಿಕೊಂಡ ಮೇಲೆ

ವಾಟರ್‌ಮಾರ್ಕ್ ಮನುಷ್ಯರ ಕದಿಯುವಿಕೆಗೆ ಅಡ್ಡಿ, ತರಬೇತಿಗೆ ಅಷ್ಟಾಗಿ ಅಲ್ಲ. ಫೈಲಿಗೆ ಅಂಟಿಸುವ ಕಂಟೆಂಟ್ ಕ್ರೆಡೆನ್ಷಿಯಲ್ಸ್ ಎಂಬ ದಾಖಲೆ ಚಿತ್ರ ಎಲ್ಲಿಂದ ಬಂತು ಎಂದು ಹೇಳುತ್ತದೆ, ಯಾರನ್ನೂ ತಡೆಯುವುದಿಲ್ಲ. ಫೈಲಿನೊಳಗಿರುವ ಇಂಥ ವಿವರಗಳನ್ನು (ಮೆಟಾಡೇಟಾ) ಎಷ್ಟೋ ವೇದಿಕೆಗಳು ಅಪ್‌ಲೋಡ್ ಹೊತ್ತಿಗೇ ಕಿತ್ತುಹಾಕುತ್ತವೆ.

ಟೇಕ್‌ಡೌನ್ ನೋಟಿಸ್, ಅಂದರೆ ಚಿತ್ರವನ್ನು ತೆಗೆಯಿರಿ ಎಂದು ವೇದಿಕೆಗೆ ಕೊಡುವ ನೋಟಿಸ್, ನಿಮ್ಮ ಚಿತ್ರದ ನಕಲಿನ ಮೇಲೆ ನಡೆಯುತ್ತದೆ, ಶೈಲಿಯ ಅನುಕರಣೆ ಮೇಲೆ ಅಲ್ಲ. ಮೂಲ ಫೈಲ್, ಲೇಯರ್‌ಗಳು, ತಾರೀಖಿರುವ ಕರಡುಗಳನ್ನು ನಿಮ್ಮಲ್ಲೇ ಇಟ್ಟುಕೊಂಡು, ವೆಬ್‌ಗೆ ಚಿಕ್ಕ ಗಾತ್ರದ ಪ್ರತಿ ಮಾತ್ರ ಹಾಕಿ. ಅಮೆರಿಕದ 1998ರ ಡಿಎಂಸಿಎ ಎಂಬ ಕಾಪಿರೈಟ್ ಕಾನೂನಿನ ಪ್ರಕಾರ, ಚಿತ್ರ ತೆಗೆದದ್ದು ತಪ್ಪು ಎಂದು ಎದುರಿನವರು ಪ್ರತಿ-ನೋಟಿಸ್ ಕೊಟ್ಟರೆ, ನೀವು ಕೋರ್ಟಿಗೆ ಹೋಗದಿದ್ದಲ್ಲಿ 10ರಿಂದ 14 ಕೆಲಸದ ದಿನಗಳಲ್ಲಿ ಚಿತ್ರ ವಾಪಸ್ ಬರುತ್ತದೆ. ಆ ಗಡುವಿನೊಳಗೆ ವಕೀಲರ ಮುಂದಿಡಲು ಈ ಫೈಲ್‌ಗಳು ಬೇಕು.