ಕೆಸರು ಮೊದಲು ನೆನೆಯಲಿ

ಕೆಸರಿನ ದಾರಿಯಲ್ಲಿ ಓಡುವ ಬೈಕುಗಳು ಸರ್ವಿಸ್‌ಗೆ ಬಂದಾಗ ಟ್ಯಾಂಕಿನ ಮೇಲೆ ಸಣ್ಣ ಸಣ್ಣ ಗೀರುಗಳು ಕಾಣುತ್ತವೆ. ಬಿಸಿಲಿಗೆ ನಿಲ್ಲಿಸಿದರೆ ಇನ್ನೂ ಜಾಸ್ತಿ ಕಾಣುತ್ತವೆ. ಅವು ಕೆಸರು ಹಾರಿ ಆದ ಗೀರುಗಳಲ್ಲ, ಕೆಸರು ಒರೆಸಿ ಆದವು. ಒಣಗಿದ ಮಣ್ಣಿನಲ್ಲಿ ಮರಳಿನ ಕಣ ಇದ್ದೇ ಇರುತ್ತದೆ. ಅದರ ಮೇಲೆ ಬಟ್ಟೆ ಆಡಿಸಿದರೆ ಬಣ್ಣಕ್ಕೆ ಉಪ್ಪುಕಾಗದ ಉಜ್ಜಿದ ಹಾಗೆ ಆಗುತ್ತದೆ.

ಅದಕ್ಕೇ ಬೈಕು ತೊಳೆಯಲು ಜಾಸ್ತಿ ಕಷ್ಟಪಡಬೇಡಿ ಅಂತ ಎಲ್ಲರಿಗೂ ಹೇಳುತ್ತೇನೆ. ಮಣ್ಣು ಬಿಡಿಸುವ ಕೆಲಸ ನೀರು ಮಾಡಲಿ. ನಿಮ್ಮ ಕೈಯ ಶಕ್ತಿಯನ್ನು ಚೈನಿಗೆ ಉಳಿಸಿಕೊಳ್ಳಿ.

ಎಲ್ಲಕ್ಕಿಂತ ಸುಲಭ ಅಂದರೆ ಕೆಸರು ಒಣಗುವ ಮೊದಲೇ ತೊಳೆಯುವುದು. ಆದರೆ ಆಗತಾನೆ ಓಡಿಸಿ ತಂದ ಬೈಕಿನ ಎಂಜಿನ್, ಸೈಲೆನ್ಸರ್, ಬ್ರೇಕ್ ಡಿಸ್ಕ್ ಬಿಸಿಯಾಗಿರುತ್ತವೆ. ಅವುಗಳ ಮೇಲೆ ತಣ್ಣೀರು ಸುರಿಯಬಾರದು. ಅರ್ಧ ಗಂಟೆ ಬಿಡಿ. ಅಷ್ಟರಲ್ಲಿ ಮಡ್‌ಗಾರ್ಡಿನ ಒಳಭಾಗ, ಟೈರು, ನಂಬರ್ ಪ್ಲೇಟ್ ಇವನ್ನು ಒದ್ದೆ ಮಾಡಿಟ್ಟರೆ ಸಾಕು.

ಒಣಗಿಹೋಗಿದ್ದರೆ ನೆನೆಸಲೇಬೇಕು. ಗಿಡಗಳಿಗೆ ಹೊಡೆಯುವ ಕೈಪಂಪಿನ ಸ್ಪ್ರೇಯರ್ ಇದಕ್ಕೆ ತುಂಬ ಒಳ್ಳೆಯದು. ಕೀಟನಾಶಕ ತುಂಬಿಸಿರದ ಹೊಸದೇ ಬೇಕು. ನೀರಿಗೆ ಸ್ವಲ್ಪ ಬೈಕ್ ಶಾಂಪೂ ಕಲಸಿ, ನೆರಳಿನಲ್ಲಿ ಬೈಕು ನಿಲ್ಲಿಸಿ, ಎಲ್ಲ ಕಡೆ ಸಿಂಪಡಿಸಿ. ಮೊದಲು ಮಡ್‌ಗಾರ್ಡಿನ ಅಡಿಗೆ ಹೊಡೆಯಿರಿ. ಅಲ್ಲಿ ಮಣ್ಣು ದಪ್ಪಗೆ ಕೂತಿರುತ್ತದೆ, ನೆನೆಯಲು ಹೊತ್ತು ಹಿಡಿಯುತ್ತದೆ. ಹತ್ತು ನಿಮಿಷ ಬಿಟ್ಟು ಇನ್ನೊಮ್ಮೆ ಸಿಂಪಡಿಸಿ. ನಡುವೆ ಒಣಗಲು ಬಿಡಬೇಡಿ. ಆಮೇಲೆ ಸಾಮಾನ್ಯ ಪೈಪಿನಲ್ಲಿ ಮೇಲಿನಿಂದ ಕೆಳಕ್ಕೆ ನೀರು ಬಿಟ್ಟರೆ ಮುಕ್ಕಾಲು ಪಾಲು ಕೆಸರು ತಾನಾಗಿ ಜಾರುತ್ತದೆ. ಉಳಿದ ತೆಳು ಪದರಕ್ಕೆ ಮಾತ್ರ ಮೆತ್ತನೆ ಬಟ್ಟೆ ಬೇಕು. ಟ್ಯಾಂಕಿಗೆ ಒಂದು ಬಟ್ಟೆ, ಚಕ್ರ ಮತ್ತು ಎಂಜಿನ್‌ಗೆ ಇನ್ನೊಂದು. ಎರಡನ್ನೂ ಒಂದೇ ಬಕೆಟ್ಟಿಗೆ ಅದ್ದಬೇಡಿ.

ಪ್ರೆಶರ್ ವಾಷರ್ ಇದ್ದರೆ ಐದೇ ನಿಮಿಷದ ಕೆಲಸ ಅಲ್ವಾ ಅಂತ ಕೇಳುತ್ತಾರೆ. ನಿಜ, ಬೇಗ ಆಗುತ್ತದೆ. ಆದರೆ ಚಕ್ರದ ಬೇರಿಂಗ್, ಹ್ಯಾಂಡಲ್ ಕೆಳಗಿನ ಬೇರಿಂಗ್, ಹಿಂದಿನ ಚಕ್ರ ಹಿಡಿದಿರುವ ತೋಳು (ಸ್ವಿಂಗ್ ಆರ್ಮ್) ಕೂರುವ ಜಾಗ, ಇಲ್ಲೆಲ್ಲ ಇರುವ ಸೀಲುಗಳು ಮಳೆ ನೀರು, ಧೂಳು ತಡೆಯಲು ಮಾಡಿದವು. ಗೇಣು ದೂರದಿಂದ ಬಡಿಯುವ ನೀರಿಗೆ ಅವು ನಿಲ್ಲುವುದಿಲ್ಲ. ನೀರು ಒಳಗೆ ಹೋಗುತ್ತದೆ, ಗ್ರೀಸು ಕೆಡುತ್ತದೆ, ತುಕ್ಕು ಶುರುವಾಗುತ್ತದೆ. ಬೈಕು ತೊಳೆದ ದಿನ ಏನೂ ಗೊತ್ತಾಗುವುದಿಲ್ಲ. ಎಷ್ಟೋ ದಿನ ಕಳೆದ ಮೇಲೆ ಚಕ್ರದಿಂದ ಗೊರಗೊರ ಸದ್ದು ಬರುತ್ತದೆ, ಹ್ಯಾಂಡಲ್ ತಿರುಗಿಸಿದರೆ ಮಧ್ಯದಲ್ಲಿ ಹಿಡಿದಂತಾಗುತ್ತದೆ. ಆಗ ಯಾರಿಗೂ ಆ ವಾಷಿಂಗ್ ನೆನಪಿರುವುದಿಲ್ಲ. ರೇಡಿಯೇಟರಿನ ರೆಕ್ಕೆಗಳೂ ಆ ರಭಸಕ್ಕೆ ಮಡಚಿಕೊಳ್ಳುತ್ತವೆ. ಬಳಸಲೇಬೇಕಿದ್ದರೆ ಅಗಲವಾಗಿ ಚೆಲ್ಲುವ ನಾಝಲ್ ಹಾಕಿ, ಒಂದು ಮೀಟರಾದರೂ ದೂರ ನಿಂತು, ಟೈರು ಮತ್ತು ಮಡ್‌ಗಾರ್ಡಿಗೆ ಮಾತ್ರ ಹಿಡಿಯಿರಿ. ವೈರಿನ ಜೋಡಣೆಗಳು, ಕೀ ತೂತು, ಸೈಲೆನ್ಸರಿನ ಬಾಯಿ, ಚೈನು ಇವುಗಳ ಹತ್ತಿರ ಬೇಡ.

ಕೈಯಲ್ಲೇ ನೋಡಬೇಕಾದ ಒಂದು ಜಾಗವಿದೆ. ಮುಂದಿನ ಫೋರ್ಕಿನ, ಅಂದರೆ ಮುಂಚಕ್ರ ಹಿಡಿದಿರುವ ಶಾಕ್ ಅಬ್ಸಾರ್ಬರಿನ, ಹೊಳೆಯುವ ಪೈಪು. ಅದರ ಮೇಲೆ ಒಣಗಿದ ಕೆಸರಿನ ಚುಕ್ಕೆ ಇದ್ದರೆ, ಗುಂಡಿಯಲ್ಲಿ ಫೋರ್ಕ್ ಕುಗ್ಗಿದಾಗಲೆಲ್ಲ ಆ ಮರಳು ರಬ್ಬರ್ ಸೀಲಿನ ತುಟಿಗೆ ತಾಗುತ್ತದೆ. ಸೀಲು ಹರಿದರೆ ಎಣ್ಣೆ ಜಿನುಗುತ್ತದೆ, ಆ ಎಣ್ಣೆ ಡಿಸ್ಕಿನ ಮೇಲೆ ಇಳಿದರೆ ಬ್ರೇಕು ಹಿಡಿಯುವುದಿಲ್ಲ. ಒದ್ದೆ ಬಟ್ಟೆಯನ್ನು ಪೈಪಿನ ಸುತ್ತ ಒಂದು ನಿಮಿಷ ಸುತ್ತಿಟ್ಟು, ಆಮೇಲೆ ಮೆಲ್ಲಗೆ ಒರೆಸಿ. ಸೈಡ್ ಸ್ಟ್ಯಾಂಡಿನ ಕೀಲು, ಹಿಂದಿನ ಬ್ರೇಕ್ ಪೆಡಲಿನ ಕೀಲು ಇವಕ್ಕೂ ಸ್ವಲ್ಪ ನೀರು ಹಾಕಿ ಆಡಿಸಿ ನೋಡಿ. ಕೆಸರು ತುಂಬಿ ಸ್ಟ್ಯಾಂಡು ಪೂರ್ತಿ ಮೇಲೆ ಹೋಗದಿದ್ದರೆ ತಿರುವಿನಲ್ಲಿ ಅಪಾಯ. ಇನ್ನು ಎಂಜಿನ್ ಅಡಿಯ ಕಲೆ, ಚಕ್ರದ ಅಂಚಿನ ಮಸುಕು, ಇವೆಲ್ಲ ನೋಟಕ್ಕೆ ಸಂಬಂಧಿಸಿದ್ದು. ಸಮಯ ಇಲ್ಲದಿದ್ದರೆ ಬಿಡಿ.

ಚೈನನ್ನು ಮಾತ್ರ ಬಿಡಬೇಡಿ. ಹಳೆ ಎಣ್ಣೆಯ ಜೊತೆ ಮರಳು ಸೇರಿದರೆ ಆ ಕಪ್ಪು ಅಂಟು ಲೋಹವನ್ನೇ ತೇಯುತ್ತದೆ. ಚೈನು ಉದ್ದವಾಗುತ್ತದೆ, ಚೈನು ಸುತ್ತುವ ಹಲ್ಲಿನ ಚಕ್ರದ, ಅಂದರೆ ಸ್ಪ್ರಾಕೆಟ್ಟಿನ ಹಲ್ಲು ಒಂದು ಕಡೆಗೆ ವಾಲಿ ಚೂಪಾಗುತ್ತದೆ.

ಈಗಿನ ಎಷ್ಟೋ ಬೈಕುಗಳಲ್ಲಿ ಇರುವುದು ಓ-ರಿಂಗ್ ಅಥವಾ ಎಕ್ಸ್-ರಿಂಗ್ ಚೈನು. ಪಕ್ಕದಿಂದ ಹತ್ತಿರ ನೋಡಿ, ಒಳಗಿನ ಪಟ್ಟಿಗೂ ಹೊರಗಿನ ಪಟ್ಟಿಗೂ ನಡುವೆ ತೆಳ್ಳಗೆ ಕಪ್ಪು ರಬ್ಬರ್ ಬಳೆ ಕಾಣುತ್ತದೆ. ಪಿನ್ನಿಗೆ ಬೇಕಾದ ಗ್ರೀಸನ್ನು ಕಾರ್ಖಾನೆಯಲ್ಲೇ ತುಂಬಿ, ಈ ಬಳೆಯಿಂದ ಮುಚ್ಚಿರುತ್ತಾರೆ. ಬಳೆ ಹಾಳಾದರೆ ಗ್ರೀಸು ಹೋಯಿತು, ಅದನ್ನು ಮತ್ತೆ ತುಂಬಲು ಆಗುವುದಿಲ್ಲ. ಹಾಗಾಗಿ ಪೆಟ್ರೋಲು ಬೇಡ, ತಂತಿ ಬ್ರಷ್ಷು ಬೇಡವೇ ಬೇಡ. ಸೀಮೆಎಣ್ಣೆ ಅಥವಾ ಓ-ರಿಂಗ್‌ಗೆ ಆಗುತ್ತದೆ ಅಂತ ಬರೆದಿರುವ ಚೈನ್ ಕ್ಲೀನರ್ ಸಾಕು.

ಬೈಕಿನ ಮೈಯ ಕೆಸರು ನೆನೆಯುತ್ತಿರುವಾಗಲೇ ಈ ಕೆಲಸ ಮಾಡಿ. ಮೊದಲು ಚೈನಿನ ಮಣ್ಣನ್ನು ನೀರಿನಲ್ಲಿ ಇಳಿಸಿ. ಎಂಜಿನ್ ಆಫ್ ಮಾಡಿ, ಕೀ ತೆಗೆದು ಜೇಬಿಗೆ ಹಾಕಿ. ಸೆಂಟರ್ ಸ್ಟ್ಯಾಂಡ್ ಹಾಕಿ, ಗೇರನ್ನು ನ್ಯೂಟ್ರಲ್‌ಗೆ ತನ್ನಿ. ಸ್ಟ್ಯಾಂಡ್ ಇಲ್ಲದಿದ್ದರೆ ಬೈಕನ್ನು ಸ್ವಲ್ಪ ಸ್ವಲ್ಪ ಮುಂದೆ ತಳ್ಳಿ ತುಂಡು ತುಂಡಾಗಿ ಮಾಡಬಹುದು. ಟೈರಿಗೆ ಎಣ್ಣೆ ಸಿಡಿಯದಂತೆ ಚೈನಿನ ಹಿಂದೆ ಒಂದು ರಟ್ಟು ಇಡಿ. ಸೀಮೆಎಣ್ಣೆಯಲ್ಲಿ ಅದ್ದಿದ ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ಕೆಳಗಿನ ಸಾಲನ್ನು ಒಳಗೂ ಹೊರಗೂ ತಿಕ್ಕಿ, ಚಕ್ರವನ್ನು ಕೈಯಲ್ಲಿ ಹಿಂದಕ್ಕೆ ತಿರುಗಿಸಿ, ಮುಂದಿನ ತುಂಡು ಹಿಡಿಯಿರಿ. ಕೊನೆಗೆ ಚೈನನ್ನು ಬಟ್ಟೆಯಲ್ಲಿ ಸಡಿಲವಾಗಿ ಹಿಡಿದು ತಿರುಗಿಸಿದರೆ ಕಪ್ಪೆಲ್ಲ ಬಟ್ಟೆಗೆ ಬರುತ್ತದೆ. ಸ್ಪ್ರಾಕೆಟ್ಟಿನ ಹತ್ತಿರ ಬೆರಳು ಹೋಗದಂತೆ ನೋಡಿಕೊಳ್ಳಿ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಎಂಜಿನ್ ಸ್ಟಾರ್ಟ್ ಮಾಡಿ, ಗೇರ್ ಹಾಕಿ, ತಿರುಗುವ ಚೈನಿಗೆ ಬಟ್ಟೆ ಹಿಡಿಯುವುದು ಸುಲಭದ ದಾರಿಯಲ್ಲ. ಬಟ್ಟೆ ಸ್ಪ್ರಾಕೆಟ್ಟಿಗೆ ಸಿಕ್ಕಿದರೆ ಅದರ ಜೊತೆ ಬೆರಳೂ ಹೋಗುತ್ತದೆ. ಐಡಲ್‌ನಲ್ಲೂ, ಅಂದರೆ ಆಕ್ಸಿಲರೇಟರ್ ತಿರುಗಿಸದಿದ್ದಾಗಲೂ, ಎಂಜಿನ್ನಿಗೆ ಅಷ್ಟು ಬಲ ಇದೆ. ದಯವಿಟ್ಟು ಯಾರೂ ಮಾಡಬೇಡಿ, ಮಕ್ಕಳಿಗೆ ತೋರಿಸಲೂ ಬೇಡಿ.

ಆಮೇಲೆ ಇಡೀ ಬೈಕಿಗೆ ನೀರು ಬಿಟ್ಟರೆ ಸಿಡಿದ ಸೀಮೆಎಣ್ಣೆಯೂ ತೊಳೆದುಹೋಗುತ್ತದೆ. ಟೈರು, ಡಿಸ್ಕಿನ ಮೇಲೆ ಜಿಡ್ಡು ಉಳಿದಿಲ್ಲ ಅಂತ ನೋಡಿಕೊಂಡು, ಎರಡು ಮೂರು ಕಿಲೋಮೀಟರ್ ನಿಧಾನವಾಗಿ ಓಡಿಸಿ ಬನ್ನಿ. ನಡುನಡುವೆ ಬ್ರೇಕ್ ಮೆಲ್ಲಗೆ ಒತ್ತಿ, ಮೊದಮೊದಲು ಸರಿಯಾಗಿ ಹಿಡಿಯದಿರಬಹುದು. ಇದರಿಂದ ಬ್ರೇಕು ಒಣಗುತ್ತದೆ, ಸಂದಿಗಳಲ್ಲಿ ನಿಂತ ನೀರು ಹೋಗುತ್ತದೆ, ಚೈನು ಸ್ವಲ್ಪ ಬೆಚ್ಚಗಾಗುತ್ತದೆ. ಬೆಚ್ಚಗಿನ ಚೈನಿಗೆ ಎಣ್ಣೆ ಚೆನ್ನಾಗಿ ಇಳಿಯುತ್ತದೆ.

ಎಣ್ಣೆ ಹಾಕಬೇಕಾದ್ದು ಕೆಳಗಿನ ಸಾಲಿನ ಒಳಮೈಗೆ. ಚೈನು ಸ್ಪ್ರಾಕೆಟ್ಟನ್ನು ಸುತ್ತುವಾಗ ಎಣ್ಣೆ ಒಳಗಿನಿಂದ ಹೊರಕ್ಕೆ ಹರಡುತ್ತದೆ. ಹೊರಮೈಗೆ ಹಾಕಿದರೆ ಸುಮ್ನೆ ಹಾರಿ ಚಕ್ರಕ್ಕೆ ಬೀಳುತ್ತದೆ. ಚೈನ್ ಲ್ಯೂಬ್ ಸ್ಪ್ರೇ ಆಗಲಿ, 90 ನಂಬರ್ ಗೇರ್ ಆಯಿಲ್ ಆಗಲಿ, ನಿಮ್ಮ ಬೈಕಿನ ಕೈಪಿಡಿ ಹೇಳುವುದನ್ನು ಬಳಸಿ. ಎಂಜಿನ್ನಿನಿಂದ ತೆಗೆದ ಹಳೆ ಆಯಿಲ್ ಬೇಡ, ಅದರಲ್ಲಿ ಲೋಹದ ಪುಡಿ ಇರುತ್ತದೆ. ಡಬ್ಲ್ಯೂಡಿ-40 ಅನ್ನುವ ಸ್ಪ್ರೇ ನೀರು ಓಡಿಸಲು ಆಗುತ್ತದೆ, ಆದರೆ ಚೈನ್ ಲ್ಯೂಬ್ ಕೆಲಸ ಅದರಿಂದ ಆಗುವುದಿಲ್ಲ. ಹದಿನೈದು ನಿಮಿಷ ಬಿಟ್ಟು ಹೆಚ್ಚಾದದ್ದನ್ನು ಒರೆಸಿ.

ಉಳಿದ ಸೀಮೆಎಣ್ಣೆಯನ್ನು ಚರಂಡಿಗೆ ಸುರಿಯಬೇಡಿ. ಮುಚ್ಚಳ ಇರುವ ಬಾಟಲಿಯಲ್ಲಿ, ಬೆಂಕಿಯಿಂದ ದೂರ ಇಡಿ. ಕೊಳೆ ತಳಕ್ಕೆ ಇಳಿಯುತ್ತದೆ, ಮೇಲಿನ ತಿಳಿ ಮುಂದಿನ ಸಲಕ್ಕೆ ಆಗುತ್ತದೆ.

ಮತ್ತೆ ಕೆಸರಿಗೇ ಹೋಗುವುದಿದ್ದರೆ, ಒಣಗಿದ ಮಡ್‌ಗಾರ್ಡಿನ ಅಡಿಗೆ ಸಿಲಿಕೋನ್ ಸ್ಪ್ರೇ ತೆಳ್ಳಗೆ ಹೊಡೆದುಕೊಳ್ಳಿ, ಟೈರಿಗೂ ಬ್ರೇಕಿಗೂ ಸೀಟಿಗೂ ತಾಗದಂತೆ. ಮಣ್ಣು ಅಷ್ಟು ಬಿಗಿಯಾಗಿ ಹಿಡಿಯುವುದಿಲ್ಲ. ಚೈನಿಗೆ ಎಣ್ಣೆಯನ್ನು ಹಿಂದಿನ ರಾತ್ರಿಯೇ ಹಾಕಿ, ಬೆಳಗ್ಗೆ ಒಣಬಟ್ಟೆಯಲ್ಲಿ ಒಮ್ಮೆ ಒರೆಸಿ ಹೊರಡಿ. ಆಗತಾನೆ ಹಾಕಿದ ಹಸಿ ಎಣ್ಣೆಗೆ ಮರಳು ಬೇಗ ಅಂಟುತ್ತದೆ.